ನೇರ ಪೂರ್ವಕ್ಕೆ ಇಪ್ಪತ್ತು ನಿಮಿಷ

ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಪೂರ್ವ-ಪಶ್ಚಿಮವಾಗಿ ಚಾಚಿಕೊಂಡಿದೆ. ಪೂರ್ವಕ್ಕೆ ಮುಖಮಾಡಿ ಮೇಲೆದ್ದು, ಅತ್ತಿತ್ತ ತಿರುಗದೆ, ದಿಕ್ಸೂಚಿಯನ್ನು 90ರ ಮೇಲೇ ಹಿಡಿದುಕೊಂಡು ಹೋದರೆ ಸುಮಾರು 65 ಕಿ.ಮೀ. ದಾಟುವಷ್ಟರಲ್ಲಿ ಕೋಲಾರ ಚಿನ್ನದ ಗಣಿಯ ಊರು, ಎಲ್ಲರ ಬಾಯಲ್ಲಿ ಕೆಜಿಎಫ್, ಬಂದುಬಿಡುತ್ತದೆ. ಅದಕ್ಕೆ ತುಸು ಮೊದಲು ಬಂಗಾರಪೇಟೆ ಎಡ ರೆಕ್ಕೆಯ ಕೆಳಗೆ ಹಾದುಹೋಗುತ್ತದೆ. ಸೆಸ್ನಾ 172ರಂಥ ನಾಲ್ಕು ಸೀಟಿನ ವಿಮಾನಕ್ಕೆ ಇದು ಇಪ್ಪತ್ತು ನಿಮಿಷದ ಹಾದಿ. ಇದೇ ಹಾದಿಯನ್ನು 2003ರಲ್ಲಿ ಮಾರುಕಟ್ಟೆಗೆ ಬಂದ ಮೈಕ್ರೋಸಾಫ್ಟ್ ಕಂಪನಿಯ ಕಂಪ್ಯೂಟರ್ ಆಟ ‘ಫ್ಲೈಟ್ ಸಿಮ್ಯುಲೇಟರ್ 2004’ರಲ್ಲಿ ಹಾರಿದರೆ ಕಾಣುವುದು ಬೇರೆಯೇ ಲೋಕ. ಅಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣವೆಂದರೆ ಎಚ್‌ಎಎಲ್. 2008ರ ಮೇ 24ರಂದು ತೆರೆದ ದೇವನಹಳ್ಳಿಯ ನಿಲ್ದಾಣ ಇನ್ನೂ ಹುಟ್ಟಿಲ್ಲ. ನೆಲವನ್ನು ಸುಮಾರು ಒಂದೊಂದು ಕಿ.ಮೀ. ಚೌಕವಾಗಿ ಕತ್ತರಿಸಿ, ಇದು ಹೊಲ, ಇದು ಕುರುಚಲು, ಇದು ಊರು ಎಂದು ಸಿದ್ಧ ಚಿತ್ರಗಳನ್ನು ಹೆಂಚಿನಂತೆ ಹಾಸಿದ್ದಾರೆ. ಕೆಜಿಎಫ್‌ನ ಗುರುತೇ ಆಗಿರುವ ಗಣಿಯ ಕಸ ಸುರಿದ ಬೂದುಬಣ್ಣದ ಸೈನೈಡ್ ಗುಡ್ಡಗಳಾಗಲಿ, ಗಣಿಬಾಯಿಯ ಮೇಲೆ ನಿಂತ ಕಬ್ಬಿಣದ ಗೋಪುರಗಳಾಗಲಿ ಅಲ್ಲಿಲ್ಲ. 2020ರ ಆಗಸ್ಟ್‌ನಲ್ಲಿ ಬಂದ ಅದೇ ಸರಣಿಯ ಹೊಸ ಸಿಮ್ಯುಲೇಟರ್ ಉಪಗ್ರಹದ ಚಿತ್ರಗಳನ್ನೇ ನೆಲಕ್ಕೆ ಹೊದಿಸುತ್ತದೆ. ಅದರ ಭೂಪಟದ ಭಂಡಾರ 2 ಪೆಟಾಬೈಟ್, ಅಂದರೆ 20 ಲಕ್ಷ ಗಿಗಾಬೈಟ್. ಇಷ್ಟೆಲ್ಲ ಕಣ್ಣೆದುರು ಇದ್ದರೂ 2003ರ ಅಥವಾ 2006ರ ಹಳೆಯ ಪ್ರತಿಯನ್ನೇ ತೆರೆದು ಕೂರುವ ಹವ್ಯಾಸಿಗಳು ಜಗತ್ತಿನಾದ್ಯಂತ ಇದ್ದಾರೆ. ಇದನ್ನು ಏನೆಂದು ಕರೆಯಬೇಕು, ನಿಷ್ಠೆಯೆಂದೋ, ಮೋಹವೆಂದೋ?

ಆಟದ ಸಾಮಾನಿನ ಬಗ್ಗೆ ಇಷ್ಟು ದೊಡ್ಡ ಮಾತು ಬೇಕೇ ಎಂದು ಯಾರಾದರೂ ಕೇಳಬಹುದು. ಬೇಕು ಎಂಬುದು ನನ್ನ ಅನಿಸಿಕೆ, ಏಕೆಂದರೆ ಇಲ್ಲಿ ಪ್ರಶ್ನೆ ತಿಳಿಯಾಗಿ ಸಿಗುತ್ತದೆ. ಊರು, ಭಾಷೆ, ದೇವರು, ಮದುವೆ ಇವುಗಳ ವಿಷಯದಲ್ಲಿ ನಿಷ್ಠೆಯ ಪ್ರಶ್ನೆ ಎತ್ತಿದರೆ ರಕ್ತ, ಆಸ್ತಿ, ಭಯ, ನಾಚಿಕೆ ಎಲ್ಲವೂ ಅದಕ್ಕೆ ತಳುಕು ಹಾಕಿಕೊಳ್ಳುತ್ತವೆ. ಹಳೆಯ ಸಿಮ್ಯುಲೇಟರನ್ನು ಬಿಟ್ಟರೆ ಯಾರೂ ಅಳುವುದಿಲ್ಲ, ಯಾರೂ ಶಪಿಸುವುದಿಲ್ಲ. ಆದರೂ ಬಿಡುವುದಿಲ್ಲ ಎಂದರೆ, ಬಿಡದಿರುವುದರ ಒಳಗೇ ಏನೋ ಇರಬೇಕು. ಮೊದಲು ಮೂರು ಮಾತುಗಳನ್ನು ಬೇರೆ ಮಾಡಿಕೊಳ್ಳೋಣ. ಒಂದು ರುಚಿ. ಬಂಗಾರಪೇಟೆಯ ಪಾನಿಪುರಿಗೆ ಹಾಕುವ ತಿಳಿನೀರು ಇಷ್ಟವಾದವನು ಬೆಂಗಳೂರಿನ ಹಸಿರು ನೀರನ್ನು ಬೇಡ ಅನ್ನಬಹುದು. ಆದರೆ ನಾಳೆ ಆ ಅಂಗಡಿಯ ಕೈ ಕೆಟ್ಟರೆ ಪಕ್ಕದ ಗಾಡಿಗೆ ಹೋಗುತ್ತಾನೆ, ಅದಕ್ಕೆ ಯಾರೂ ದ್ರೋಹ ಅನ್ನುವುದಿಲ್ಲ. ಎರಡನೆಯದು ರೂಢಿ, ಬದಲಾಯಿಸಲು ಬೇಸರವಾಗಿ ಇದ್ದಲ್ಲೇ ಇರುವುದು. ಅಲ್ಲಿ ಬುದ್ಧಿಗೆ ಕೆಲಸವಿಲ್ಲ. ಮೂರನೆಯದು ನಿಷ್ಠೆ. ಇದಕ್ಕಿಂತ ಚೆಂದದ್ದು, ದೊಡ್ಡದು, ವೇಗದ್ದು ಇದೆ ಎಂದು ಗೊತ್ತಿದ್ದೂ ಇದರಲ್ಲೇ ನಿಲ್ಲುವುದು. ರುಚಿ ಹೋಲಿಕೆಯಿಂದ ಹುಟ್ಟುತ್ತದೆ, ರೂಢಿ ಹೋಲಿಸಲು ಹೋಗುವುದೇ ಇಲ್ಲ, ನಿಷ್ಠೆ ಹೋಲಿಕೆಯನ್ನು ಪೂರ್ತಿ ಮಾಡಿ ಅದರ ತೀರ್ಪಿಗೆ ತಲೆಬಾಗದೆ ಉಳಿಯುತ್ತದೆ. ಹಾಗೆ ಉಳಿಯುವುದು ವಿವೇಕವೂ ಆಗಬಲ್ಲದು, ಯಾವಾಗ ಆಗುತ್ತದೆ ಎಂಬುದಕ್ಕೆ ಒಂದು ಒರೆಗಲ್ಲೂ ಇದೆ ಎಂಬುದೇ ನನ್ನ ವಾದ.

ಸಿಮ್ಯುಲೇಟರ್ ಎಂದರೆ ನಿಜದ ಪಡಿಯಚ್ಚು, ಪಡಿಯಚ್ಚು ಹೆಚ್ಚು ಹೋಲಿದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನೇ ಮೊದಲು ಅಲುಗಾಡಿಸಿ ನೋಡಬೇಕು. ಈ ಯಂತ್ರದ ಮೂಲಪುರುಷ ಎಡ್ವಿನ್ ಲಿಂಕ್. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಅವನ ತಂದೆಯದು ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆ. ಲಿಂಕ್ 1929ರಲ್ಲಿ ಆರ್ಗನ್ನಿನ ಗಾಳಿತಿದಿಗಳನ್ನೇ ಬಳಸಿ, ಮೊಂಡು ರೆಕ್ಕೆಯ ಪುಟ್ಟ ಪೆಟ್ಟಿಗೆಯೊಂದು ವಿಮಾನದಂತೆ ವಾಲಾಡುವ ಹಾಗೆ ಮಾಡಿದ. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ವಿಮಾನ ಚಾಲಕರು ಇದರೊಳಗೆ ಕುಳಿತು ಕಲಿತರು. ಗಮನಿಸಬೇಕಾದ್ದೆಂದರೆ, ಕಲಿಕೆಯ ಹೊತ್ತಿಗೆ ಪೆಟ್ಟಿಗೆಯ ಮುಚ್ಚಳ ಹಾಕಿಬಿಡುತ್ತಿದ್ದರು. ಒಳಗಿದ್ದವನಿಗೆ ಆಕಾಶವಿಲ್ಲ, ನೆಲವಿಲ್ಲ, ಮೋಡವಿಲ್ಲ. ಎದುರಿಗೆ ಮುಳ್ಳುಗಳು ಮಾತ್ರ. ಕಣ್ಣಿಗೆ ಏನೂ ಕಾಣದ ಕತ್ತಲಲ್ಲಿ ಮುಳ್ಳುಗಳನ್ನು ನಂಬಿ ಹಾರುವುದನ್ನು ಕಲಿಸುವುದೇ ಆ ಪೆಟ್ಟಿಗೆಯ ಉದ್ದೇಶ. ಅಂದರೆ ಸಿಮ್ಯುಲೇಟರ್ ಹುಟ್ಟಿದ್ದೇ ನೋಟವಿಲ್ಲದೆ. ಅದು ಹೋಲಬೇಕಾದದ್ದು ವಿಮಾನದ ವರ್ತನೆಯನ್ನು, ಚಾಲಕ ಹೊರಬೇಕಾದ ಹೊಣೆಯನ್ನು. ಕಿಟಕಿಯ ಹೊರಗಿನ ದೃಶ್ಯ ಅದಕ್ಕೆ ಆಮೇಲೆ ಬಂದ ಸಿಂಗಾರ.

ನಮ್ಮ ನೆಲದ ಭಕ್ತಿಗೆ ಇದು ಹೊಸ ಮಾತಲ್ಲ. ಕೋಲಾರ ಜಿಲ್ಲೆಯ ಹಳ್ಳಿಗಳ ಅಂಚಿನಲ್ಲಿ ಅರಿಶಿನ ಕುಂಕುಮ ಬಳಿಸಿಕೊಂಡು ಕೂತ ಗುಂಡುಕಲ್ಲುಗಳಿಗೆ ಕಣ್ಣಿಲ್ಲ, ಮೂಗಿಲ್ಲ. ಅಮ್ಮ ಎಂದು ಕರೆಯುವವರಿಗೆ ಅದರಿಂದ ಏನೂ ಕೊರತೆಯಾಗಿಲ್ಲ. ಲಿಂಗವೂ ಯಾವ ಆಕಾರವನ್ನೂ ಹೋಲದ ಆಕಾರ. ಕೆಜಿಎಫ್‌ಗೆ ಕೆಲವೇ ಕಿಲೋಮೀಟರ್ ದೂರದ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿ ಎತ್ತರದ ಲಿಂಗವಿದೆ, ಅದರ ಸುತ್ತ ಭಕ್ತರು ತಮ್ಮ ಹೆಸರಿನಲ್ಲಿ ನಿಲ್ಲಿಸಿದ ಒಂದಡಿ, ಮೂರಡಿಯ ಲೆಕ್ಕವಿಲ್ಲದಷ್ಟು ಲಿಂಗಗಳಿವೆ. ಅದೇ ನೆಲದಲ್ಲಿ ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡವರೂ ಓಡಾಡುತ್ತಾರೆ. ಅಂಗೈಯಲ್ಲಿ ಹಿಡಿದು ಪೂಜಿಸುವ ಆ ಲಿಂಗ ದೀಕ್ಷೆಯ ದಿನ ಗುರುವಿನ ಕೈಯಿಂದ ಬಂದದ್ದು, ಸತ್ತಾಗ ದೇಹದ ಜೊತೆಗೇ ಮಣ್ಣಿಗೆ ಹೋಗುವಂಥದ್ದು. 108 ಅಡಿಯದನ್ನು ನೋಡಿ ಬಂದ ಮೇಲೆ ಅಂಗೈಯದು ಚಿಕ್ಕದಾಯಿತಲ್ಲ ಎಂದು ಯಾರೂ ಕೊರಗುವುದಿಲ್ಲ. ಇಷ್ಟ ಎಂಬ ಮಾತೇ ಇಲ್ಲಿ ದಾರಿ ತೋರುತ್ತದೆ. ಎಲ್ಲಕ್ಕಿಂತ ಶ್ರೇಷ್ಠವಾದದ್ದು ಎಂಬುದು ಅದರ ಅರ್ಥವಲ್ಲ. ನನ್ನ ಸಾಧನೆಗೆಂದು ನಾನು ಒಪ್ಪಿಕೊಂಡದ್ದು, ನನ್ನನ್ನು ಒಪ್ಪಿಕೊಂಡದ್ದು ಎಂಬುದು ಅದರ ಅರ್ಥ. ಆಕಾರ ಕಡಿಮೆ ಹೇಳಿದಷ್ಟೂ ನೋಡುವವನ ಮನಸ್ಸು ಹೆಚ್ಚು ದುಡಿಯಬೇಕು. ಮಸುಕು ನೆಲದ ಮೇಲೆ ಹಾರುವ ಹವ್ಯಾಸಿಗೆ ಕೋಲಾರದ ಬೆಟ್ಟಸಾಲು ಎಲ್ಲಿ ಬರಬೇಕು, ರೈಲುಹಾದಿ ಎಲ್ಲಿ ಕವಲೊಡೆಯಬೇಕು ಎಂಬುದನ್ನು ಭೂಪಟ ನೋಡಿ ತಾನೇ ತಲೆಯಲ್ಲಿ ತುಂಬಿಕೊಳ್ಳಬೇಕಾಗುತ್ತದೆ. ಹೊಸದು ಅದನ್ನೆಲ್ಲ ತಾನೇ ತೋರಿಸಿಬಿಡುತ್ತದೆ. ನೋಡುವವನು ನೋಡುಗನಾಗಿಯೇ ಉಳಿಯಲು ಅಡ್ಡಿಯಿಲ್ಲ.

ಆದರೆ ಹಳೆಯದನ್ನು ಹಿಡಿದವರೆಲ್ಲ ಮಸುಕಿನ ಉಪಾಸಕರು ಎಂದರೆ ತಪ್ಪಾದೀತು. ಅವರು ಏನನ್ನು ಒಪ್ಪಿದರು, ಏನನ್ನು ತಿರಸ್ಕರಿಸಿದರು ಎಂಬುದರ ಚರಿತ್ರೆ ಹೆಚ್ಚು ಹೇಳುತ್ತದೆ. ಈ ಸಿಮ್ಯುಲೇಟರಿನ ಮೊದಲ ಮೈಕ್ರೋಸಾಫ್ಟ್ ಪ್ರತಿ 1982ರದು; 2006ರಲ್ಲಿ ಹತ್ತನೆಯದು, ‘ಎಫ್‌ಎಸ್‌ಎಕ್ಸ್’, ಬಂತು. 2009ರ ಜನವರಿಯಲ್ಲಿ ಅದನ್ನು ಕಟ್ಟುತ್ತಿದ್ದ ಏಸಸ್ ಸ್ಟುಡಿಯೊವನ್ನೇ ಕಂಪನಿ ಮುಚ್ಚಿತು. ಮೂರು ವರ್ಷ ಕಳೆದು 2012ರಲ್ಲಿ ‘ಮೈಕ್ರೋಸಾಫ್ಟ್ ಫ್ಲೈಟ್’ ಎಂಬ ಹೊಸದನ್ನು ಪುಕ್ಕಟೆಯಾಗಿ ಕೊಟ್ಟರು. ನೋಟ ಹಳೆಯದಕ್ಕಿಂತ ಚೆನ್ನಾಗಿತ್ತು, ಕಾಸಿನ ಖರ್ಚಿರಲಿಲ್ಲ. ಆದರೆ ಪುಕ್ಕಟೆಯಾಗಿ ಹಾರಲು ಸಿಕ್ಕಿದ್ದು ಹವಾಯಿಯ ದೊಡ್ಡ ದ್ವೀಪವಷ್ಟೇ. ಹೊರಗಿನವರು ಮಾಡಿದ ವಿಮಾನ, ನಿಲ್ದಾಣಗಳನ್ನು ಸೇರಿಸಲು ಬಾಗಿಲೇ ಇರಲಿಲ್ಲ. ಹಳಬರು ಅದರ ಕಡೆ ತಿರುಗಲಿಲ್ಲ. ಕೆಲವೇ ತಿಂಗಳಲ್ಲಿ ಅದರ ಕೆಲಸ ನಿಂತಿತು. 2014ರ ಡಿಸೆಂಬರ್‌ನಲ್ಲಿ, ಎಂಟು ವರ್ಷ ಹಳತಾಗಿದ್ದ ಎಫ್‌ಎಸ್‌ಎಕ್ಸ್ ಅನ್ನೇ ಡವ್‌ಟೇಲ್ ಎಂಬ ಇನ್ನೊಂದು ಕಂಪನಿ ಹೊಸದಾಗಿ ಮಾರಾಟಕ್ಕೆ ಇಟ್ಟಾಗ ಕೊಳ್ಳುವವರಿದ್ದರು. ಇದು ಹಳತಿನ ಮೇಲಿನ ಕುರುಡು ಪ್ರೀತಿಯಲ್ಲ. ಪುಕ್ಕಟೆ ಸಿಕ್ಕ ಹೊಸತನ್ನು ಬಿಟ್ಟು ದುಡ್ಡು ಕೊಟ್ಟು ಹಳತನ್ನು ಕೊಂಡವನು ಏನನ್ನೋ ಲೆಕ್ಕ ಹಾಕಿದ್ದಾನೆ. ಅವನ ಲೆಕ್ಕದಲ್ಲಿ ಇದ್ದದ್ದು ಕೈಹಾಕುವ ಹಕ್ಕು. ಹಳೆಯದರಲ್ಲಿ ಅವನು ತನ್ನೂರಿನ ನಿಲ್ದಾಣವನ್ನು ತಾನೇ ಕಟ್ಟಬಹುದು. ದೇವನಹಳ್ಳಿಯನ್ನು ಹವ್ಯಾಸಿಗಳು ಹಾಗೆಯೇ ಸೇರಿಸಿಕೊಂಡರು. ಹೊಸದರಲ್ಲಿ ಅವನು ಬಾಡಿಗೆದಾರ. 2024ರ ನವೆಂಬರ್ 19ರಂದು ಈಚಿನ ಪ್ರತಿ ಬಿಡುಗಡೆಯಾದ ದಿನ ಸರ್ವರ್‌ಗಳು ಭಾರ ತಾಳದೆ, ಕೊಂಡವರು ಎಷ್ಟೋ ಮಂದಿ ಒಳಕ್ಕೇ ಹೋಗಲಾಗದೆ ಕಾದರು. ಡಿಸ್ಕಿನಲ್ಲಿರುವ ಹಳೆಯದು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಇಲ್ಲಿ ಜೀರ್ಣೋದ್ಧಾರ ಎಂಬ ಮಾತನ್ನು ತರದೆ ವಿಧಿಯಿಲ್ಲ. ಗುಡಿ ಶಿಥಿಲವಾದಾಗ ದೇವರನ್ನು ಬಿಟ್ಟು ಹೊಸ ದೇವರನ್ನು ಹುಡುಕುವುದು ನಮ್ಮ ಪದ್ಧತಿಯಲ್ಲ. ಮೂರ್ತಿಯ ಕಳೆಯನ್ನು ಕಲಶಕ್ಕೆ ಇಳಿಸಿ, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿಟ್ಟು, ನಿತ್ಯಪೂಜೆ ತಪ್ಪದಂತೆ ನೋಡಿಕೊಂಡು, ಅತ್ತ ಕಟ್ಟಡವನ್ನು ಬಿಚ್ಚಿ ಕಟ್ಟುತ್ತಾರೆ. ಕಲ್ಲು ಹೊಸದು, ಗಾರೆ ಹೊಸದು, ದೇವರು ಅದೇ. ರೈಲಿನ ಹವ್ಯಾಸಿಗಳ ಲೋಕದಲ್ಲಿ ಇದು ಅಕ್ಷರಶಃ ನಡೆದಿದೆ. ಮೈಕ್ರೋಸಾಫ್ಟ್‌ನ ‘ಟ್ರೇನ್ ಸಿಮ್ಯುಲೇಟರ್’ ಬಂದದ್ದು 2001ರಲ್ಲಿ. ಅದರ ಪೆಟ್ಟಿಗೆಯಲ್ಲಿ ಅಮೆರಿಕ, ಇಂಗ್ಲೆಂಡ್, ಆಸ್ಟ್ರಿಯ, ಜಪಾನ್‌ಗಳ ಹಾದಿಗಳಿದ್ದವು. ಭಾರತದ್ದು ಒಂದೂ ಇರಲಿಲ್ಲ. ನಮ್ಮ ರೈಲುಪ್ರಿಯರು ಡಬ್ಲ್ಯುಡಿಎಂ-2, ಡಬ್ಲ್ಯುಎಪಿ-4 ಎಂಜಿನ್‌ಗಳನ್ನೂ ನೀಲಿ ಬೋಗಿಗಳನ್ನೂ ಭಾರತದ ಹಾದಿಗಳನ್ನೂ ತಾವೇ ರೂಪಿಸಿ ಅದರೊಳಗೆ ತುಂಬಿದರು. ಎರಡನೆಯ ಆವೃತ್ತಿಯ ಯೋಜನೆಯನ್ನು ಕಂಪನಿ ಕೈಬಿಟ್ಟಿತು. ಆಗ ಸ್ವಯಂಸೇವಕರು ‘ಓಪನ್ ರೈಲ್ಸ್’ ಎಂಬ ಮುಕ್ತ ತಂತ್ರಾಂಶವನ್ನು ಬರೆದು, ಹಳೆಯ ಹಾದಿ, ಹಳೆಯ ಎಂಜಿನ್‌ಗಳು ಅದರಲ್ಲಿ ಇದ್ದಂತೆಯೇ ಓಡುವ ಹಾಗೆ ಮಾಡಿದರು. ಯಂತ್ರವೆಂಬ ಗುಡಿ ಪೂರ್ತಿ ಬದಲಾಯಿತು. ಜನ ಕೈಯಾರೆ ಮಾಡಿಟ್ಟದ್ದು ಉಳಿಯಿತು. ಹಾಗಾದರೆ ಇವರು ನಿಷ್ಠರಾಗಿದ್ದದ್ದು ಯಾವುದಕ್ಕೆ? ‘ಮಿಲಿಂದ ಪನ್ಹ’ ಎಂಬ ಬೌದ್ಧ ಗ್ರಂಥದಲ್ಲಿ ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ಕೇಳುವ ಪ್ರಶ್ನೆಯೂ ಇದೇ ಜಾತಿಯದು: ರಥವೆಂದರೆ ಅಚ್ಚೋ, ಗಾಲಿಯೋ, ನೊಗವೋ? ಯಾವ ಒಂದರಲ್ಲೂ ರಥವಿಲ್ಲ, ಅವೆಲ್ಲ ಕೂಡಿದ ನಡೆಯಲ್ಲಿ ಆ ಹೆಸರು ನಿಂತಿದೆ. ನಿಂತದ್ದು ಅಳಿಯುತ್ತದೆ, ನಡೆಯುವುದು ಉಳಿಯುತ್ತದೆ ಎಂಬ ವಚನಕಾರರ ಸ್ಥಾವರ-ಜಂಗಮ ವಿವೇಕವನ್ನು ಇಲ್ಲಿ ಸೇರಿಸಿ ನೋಡಿದರೆ, ಈ ಹವ್ಯಾಸಿಗಳ ನಿಷ್ಠೆ ಸ್ಥಾವರವಾದ ಡಿಸ್ಕಿಗಲ್ಲ, ಅದರ ಸುತ್ತ ನಡೆಯುತ್ತಲೇ ಇರುವ ಮಾಡುವಿಕೆಗೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ನಿಷ್ಠೆ ಮಾಡುವಿಕೆಗಾದರೆ, ಅದನ್ನು ಹೊಸ ಯಂತ್ರದಲ್ಲೇ ಏಕೆ ಮುಂದುವರಿಸಬಾರದು? ಇದಕ್ಕೆ ಉತ್ತರ ಅಭ್ಯಾಸದ ಸ್ವಭಾವದಲ್ಲಿದೆ. ದೀರ್ಘಕಾಲ, ಬಿಡದೆ, ಆದರದಿಂದ ಮಾಡಿದ ಅಭ್ಯಾಸವಷ್ಟೇ ಬೇರುಬಿಡುತ್ತದೆ ಎಂಬುದು ಪತಂಜಲಿಯ ಯೋಗಸೂತ್ರದ ಕಾಣ್ಕೆ. ದೀರ್ಘಕಾಲ ಬಿಡದೆ ಮಾಡಬೇಕಾದರೆ ಕಾಲ ಕೆಳಗಿನ ನೆಲ ಅಲುಗಾಡಬಾರದು. ಸಂಗೀತ ಕಲಿಯುವವರ ಹಿಂದೆ ತಂಬೂರಿ ನುಡಿಯುವುದು ಇದಕ್ಕೇ. ಅದು ಹೊಸ ಸ್ವರ ಹೊರಡಿಸಿ ಯಾರನ್ನೂ ಬೆರಗುಗೊಳಿಸುವುದಿಲ್ಲ. ಬದಲಾಗದೆ ಇರುವುದೇ ಅದರ ಕಸುಬು. ಅದು ಅಲುಗದೆ ಇರುವುದರಿಂದಲೇ ಹಾಡುವವನಿಗೆ ತಾನು ಎಲ್ಲಿ ತಪ್ಪಿದೆ ಎಂಬುದು ಕಿವಿಗೆ ಬೀಳುತ್ತದೆ. ಎದುರುಗಾಳಿ ಓರೆಯಾಗಿ ಬೀಸುವಾಗ ಎಚ್‌ಎಎಲ್‌ನ ರನ್‌ವೇಗೆ ಇಳಿಯುವುದನ್ನೇ ತೆಗೆದುಕೊಳ್ಳಿ. ಮೂತಿಯನ್ನು ಗಾಳಿಯ ಕಡೆಗೆ ತುಸು ತಿರುಗಿಸಿ ಏಡಿಯಂತೆ ಓರೆಯಾಗಿ ಬರಬೇಕು. ಚಕ್ರ ನೆಲ ಮುಟ್ಟುವ ಕ್ಷಣಕ್ಕೆ ಕಾಲಿನ ಪೆಡಲ್ ಒತ್ತಿ ಮೂತಿಯನ್ನು ನೇರ ಮಾಡಬೇಕು, ಅದೇ ಉಸಿರಿನಲ್ಲಿ ಗಾಳಿ ಬರುವ ಕಡೆಯ ರೆಕ್ಕೆಯನ್ನು ತಗ್ಗಿಸಬೇಕು. ಅರ್ಧ ಸೆಕೆಂಡು ಬೇಗವಾದರೆ ವಿಮಾನ ಪಕ್ಕಕ್ಕೆ ಜಾರುತ್ತದೆ, ತಡವಾದರೆ ಚಕ್ರಗಳು ಕಿರುಗುಟ್ಟುತ್ತವೆ. ನೂರು ಸಲ ಇಳಿದವನಿಗೆ ನೂರೊಂದನೆಯ ಸಲ ತಪ್ಪಿದಾಗ, ತಪ್ಪು ತನ್ನದೋ ಯಂತ್ರದ್ದೋ ಎಂಬ ಸಂಶಯವಿರುವುದಿಲ್ಲ, ಏಕೆಂದರೆ ಯಂತ್ರ ನಿನ್ನೆ ಇದ್ದಂತೆಯೇ ಇಂದೂ ಇದೆ. ರಾತ್ರೋರಾತ್ರಿ ತಾನೇ ತಿದ್ದಿಕೊಳ್ಳುವ ಯಂತ್ರದಲ್ಲಿ ಈ ಖಾತ್ರಿ ಇರುವುದಿಲ್ಲ. ನಿಂತುಹೋದ ಯಂತ್ರ ಒಂದು ಅರ್ಥದಲ್ಲಿ ಪೂರ್ಣಗೊಂಡ ಯಂತ್ರ. ಬೆಳೆಯಬೇಕಾದ್ದು ಇನ್ನು ಕುಳಿತವನು ಮಾತ್ರ.

ಈಗ ಆಕ್ಷೇಪಗಳು. ಮೊದಲನೆಯದು ಬಡತನದ್ದು, ಎಲ್ಲಕ್ಕಿಂತ ತೂಕದ್ದೂ ಅದೇ. ಹೊಸ ಸಿಮ್ಯುಲೇಟರಿಗೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕು, ಕಡಿಯದ ಇಂಟರ್ನೆಟ್ ಬೇಕು. ಇಲ್ಲದವರು ಹಳೆಯದರಲ್ಲೇ ಇರುತ್ತಾರೆ. ಗತಿಯಿಲ್ಲದ್ದಕ್ಕೆ ನಿಷ್ಠೆ ಎಂದು ಹೆಸರಿಟ್ಟು ಹೂವು ಮುಡಿಸುವುದೇಕೆ? ಈ ಮಾತಿನ ಚುಚ್ಚು ಕೆಜಿಎಫ್‌ಗೆ ಚೆನ್ನಾಗಿ ಗೊತ್ತು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್‌ನ ಗಣಿಗಳು ಮುಚ್ಚಿದ ಮೇಲೆ, 1894ರಲ್ಲಿ ಗಣಿಗಾಗಿಯೇ ಹಾಕಿದ ಬಂಗಾರಪೇಟೆ-ಮಾರಿಕುಪ್ಪಂ ರೈಲುಹಾದಿ ದುಡಿಯುವವರನ್ನು ಬೆಂಗಳೂರಿಗೆ ಸಾಗಿಸುವ ಹಾದಿಯಾಯಿತು. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಮುಂಜಾವದಲ್ಲೇ ಹತ್ತಿ, ಕತ್ತಲಾದ ಮೇಲೆ ಇಳಿಯುವ ಸಾವಿರಾರು ಮಂದಿಯನ್ನು ನೋಡಿ ಊರಿನ ಮೇಲೆ ಎಂಥ ನಿಷ್ಠೆ ಎಂದು ಬೀಗುವುದು ಸುಲಭ. ಬೆಂಗಳೂರಿನ ಮನೆಬಾಡಿಗೆಯ ಲೆಕ್ಕ ಹಾಕಿದರೆ ಆ ಬೀಗು ಇಳಿಯುತ್ತದೆ. ಆದ್ದರಿಂದ ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳೋಣ: ಬೇರೆ ದಾರಿಯಿಲ್ಲದೆ ಉಳಿದವನಿಗೆ ನಿಷ್ಠೆಯ ಪ್ರಶಸ್ತಿ ಕೊಡುವುದು ಅವನ ಕಷ್ಟವನ್ನು ಅಡಗಿಸುವ ಉಪಾಯ. ಆದರೆ ಬಡತನ ಎಲ್ಲವನ್ನೂ ವಿವರಿಸುವುದಿಲ್ಲ. ಹೊಸದನ್ನೂ ಕೊಂಡು, ಅದೇ ಕಂಪ್ಯೂಟರಿನಲ್ಲಿ ಹಳೆಯದನ್ನೂ ಇಟ್ಟುಕೊಂಡು ಅದಕ್ಕೇ ಮರಳುವವರಿದ್ದಾರೆ. ಇಬ್ಬರೂ ಹೊರಗಿನಿಂದ ಒಂದೇ ರೀತಿ ಕಂಡರೂ ನನ್ನ ವಾದ ಎರಡನೆಯವನ ಬಗ್ಗೆ.

ಎರಡನೆಯ ಆಕ್ಷೇಪ ಲೆಕ್ಕಿಗರದು. ಹಳೆಯದರ ಮೇಲೆ ವರ್ಷಗಟ್ಟಲೆ ದುಡ್ಡು ಸುರಿದಿದ್ದಾರೆ, ಬೇರೆಬೇರೆ ವಿಮಾನ, ನಿಲ್ದಾಣಗಳ ಆಡ್-ಆನ್‌ಗಳನ್ನು ಕೊಂಡಿದ್ದಾರೆ. ಅವು ಹೊಸದರಲ್ಲಿ ನಡೆಯುವುದಿಲ್ಲ. ಹೋದ ದುಡ್ಡಿನ ಹಿಂದೆ ಇದ್ದ ಹೊತ್ತನ್ನೂ ಕಳೆಯುತ್ತಿದ್ದಾರೆ, ಜೊತೆಗೆ ಒಂದಿಷ್ಟು ಹಳೆಯ ನೆನಪಿನ ಹಂಬಲ, ಅಷ್ಟೆ. ದುಡ್ಡಿನ ಮಟ್ಟಿಗೆ ಈ ಮಾತು ಸರಿ; ಖರ್ಚಾದದ್ದು ಮುಂದಿನ ನಿರ್ಧಾರಕ್ಕೆ ಆಧಾರವಾಗಬಾರದು. ಆದರೆ ಅಭ್ಯಾಸವನ್ನು ಖರ್ಚಿನ ಕಾಲಂನಲ್ಲಿ ಬರೆಯುವುದು ತಪ್ಪು. ಸುರಿದ ದುಡ್ಡು ಹೊರಗೆ ಹೋಗಿದೆ, ಪಳಗಿದ ಕೈ ಇಲ್ಲೇ ಇದೆ. ಅದು ನಷ್ಟವಲ್ಲ, ಬಂಡವಾಳ. ನೆನಪಿನ ಹಂಬಲಕ್ಕೂ ಒಂದು ಅಳತೆಯಿದೆ. ಹಂಬಲದಿಂದ ಬಂದವನು ಒಂದು ಸಂಜೆ ಹಳೆಯ ಹಾಡು ಕೇಳಿದಂತೆ ಕೇಳಿ, ಕಣ್ಣು ಒದ್ದೆ ಮಾಡಿಕೊಂಡು ಎದ್ದುಹೋಗುತ್ತಾನೆ. ಅವನು ದುರಸ್ತಿಗೆ ಕೂರುವುದಿಲ್ಲ. ಹೊಸ ವಿಂಡೋಸ್ ಬಂದಾಗಲೆಲ್ಲ ಹಳೆಯದು ಎಡವದಂತೆ ಫೈಲುಗಳನ್ನು ತಿದ್ದುತ್ತ, ಬದಲಾದ ರನ್‌ವೇ ಸಂಖ್ಯೆಗಳನ್ನು ಸೇರಿಸುತ್ತ, ಮಾಡಿದ್ದನ್ನು ಇತರರಿಗೆ ಪುಕ್ಕಟೆ ಹಂಚುತ್ತ ಕುಳಿತವನ ಕಣ್ಣು ಹಿಂದಕ್ಕೆ ನೋಡುತ್ತಿಲ್ಲ, ನಾಳೆಯ ಹಾರಾಟದ ಮೇಲಿದೆ.

ಮೂರನೆಯ ಆಕ್ಷೇಪ ಕೆಜಿಎಫ್‌ನ ಗಣಿಬಾಯಿಯಿಂದಲೇ ಏಳುತ್ತದೆ. ಬರಿದಾದ ಅದಿರುಪಟ್ಟಿಯನ್ನು ಅಗೆಯುತ್ತಲೇ ಇರುವುದು ನಿಷ್ಠೆಯೇ? 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ, 1956ರಲ್ಲಿ ಮೈಸೂರು ಸರ್ಕಾರದ ಕೈಗೂ 1962ರಲ್ಲಿ ಕೇಂದ್ರದ ಕೈಗೂ ಬಂದ ಈ ಗಣಿಗಳು ಒಟ್ಟು ಸುಮಾರು 800 ಟನ್ ಚಿನ್ನ ಕೊಟ್ಟವು. ಕೊನೆಕೊನೆಗೆ ಇಳಿದಷ್ಟೂ ಬಿಸಿ, ಬಂಡೆ ಸಿಡಿಯುವ ಅಪಾಯ, ಟನ್ನಿಗೆ ಸಿಗುವ ಚಿನ್ನ ಮಾತ್ರ ಅತ್ಯಲ್ಪ. ಅಗೆಯುವುದನ್ನು ನಿಲ್ಲಿಸಿದ್ದು ಲೆಕ್ಕಕ್ಕೆ ಸರಿಯಾಗಿಯೇ ಇತ್ತು ಎನ್ನುವವರಿದ್ದಾರೆ. ಹಳೆಯದರ ಹವ್ಯಾಸಿಗೂ ಅದೇ ಬುದ್ಧಿ ಬರಲಿ ಎನ್ನುತ್ತಾರೆ. ಇದಕ್ಕೆ ನನ್ನ ಉತ್ತರ ಎರಡು. ಮೊದಲನೆಯದಾಗಿ, ನಿಷ್ಠೆಯ ಬೆಲೆಯನ್ನು ತೆರುವವರು ಯಾರು ಎಂಬುದನ್ನು ನೋಡಬೇಕು. ಯಾರದೋ ಹಟಕ್ಕೆ ಇನ್ನೊಬ್ಬನ ಎದೆಯಲ್ಲಿ ಗಣಿದೂಳು ತುಂಬುವುದಾದರೆ ಅದು ನಿಷ್ಠೆಯಲ್ಲ, ದಬ್ಬಾಳಿಕೆ. ಹವ್ಯಾಸಿಯ ಹಟದ ಬೆಲೆ ಅವನ ಸಂಜೆಗಳು ಮಾತ್ರ. ಎರಡನೆಯದಾಗಿ, ಒಂದು ವಸ್ತು ಬರಿದಾಯಿತು ಎಂದು ಹೇಳುವುದು ಯಾವ ಬಯಕೆಯ ಕಡೆಯಿಂದ? ಚಾಂಪಿಯನ್ ರೀಫ್ಸ್ ಗಣಿಯ ಹೀತ್‌ಕೋಟ್ ಶಾಫ್ಟ್‌ನಲ್ಲಿ 2.3 ಕಿ.ಮೀ. ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನವರ ಜೊತೆ ಉಪಕರಣ ಹೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು 1965ರಲ್ಲಿ ಹಿಡಿದರು. ಅವರಿಗೆ ಚಿನ್ನ ಬೇಕಿರಲಿಲ್ಲ. ಬೇಕಾದದ್ದು ಬೇರೆಲ್ಲ ಕಿರಣಗಳನ್ನು ಸೋಸಿ ತಡೆಯುವ ಬಂಡೆಯ ದಪ್ಪ, ಅಂದರೆ ಆಳ. ಗಣಿಗೆ ಹೊರೆಯಾಗಿದ್ದ ಆಳವೇ ಅವರಿಗೆ ಸಂಪತ್ತು. ಮಾಡಿದವನ ಉದ್ದೇಶ ಮುಗಿದಲ್ಲಿಗೆ ವಸ್ತುವಿನ ಅರ್ಥ ಮುಗಿಯುವುದಿಲ್ಲ. ಏಸಸ್ ಸ್ಟುಡಿಯೊ ಮುಚ್ಚಿದ್ದು ಮಾರುವವನ ಬಯಕೆ ತೀರಿದ್ದರಿಂದ. ಸ್ಥಿರವಾದ, ತೆರೆದ, ತಮ್ಮದೇ ಆದ ನೆಲವೊಂದು ಬೇಕೆಂಬವರಿಗೆ ಆ ಅದಿರುಪಟ್ಟಿ ಬರಿದಾಗಿರಲಿಲ್ಲ.

ಕೊನೆಯ ಆಕ್ಷೇಪ ವೇದಾಂತಿಯದು, ಅದಕ್ಕೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ನಿಷ್ಠೆ ಎನ್ನಿ, ಮೋಹ ಎನ್ನಿ, ಎರಡೂ ಕಟ್ಟೇ. ಚಿನ್ನದ ಸಂಕೋಲೆಯೂ ಸಂಕೋಲೆಯೇ. ಚಿನ್ನದ ಊರಿನಲ್ಲಿ ನಿಂತು ಈ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಅದೇ ವೇದಾಂತ ಏನನ್ನೂ ಹಿಡಿಯದೆ ಬಿಡುವುದನ್ನು ಕಲಿಯಬಹುದು ಎಂದೂ ಹೇಳುವುದಿಲ್ಲ. ಉಪಾಸನೆಗೆ ಒಂದು ಆಲಂಬನ ಬೇಕು. ದೋಣಿ ಹತ್ತದವನು ದೋಣಿ ಬಿಡುವ ಮಾತಾಡಿದರೆ ಅದು ವೈರಾಗ್ಯವಲ್ಲ. ದಿನಕ್ಕೊಂದು ಹೊಸತಿಗೆ ಜಿಗಿಯುವವನು ಕಟ್ಟಿಲ್ಲದವನಂತೆ ಕಾಣುತ್ತಾನೆ. ಅವನು ಹೊಸತು ಎಂಬುದಕ್ಕೇ ಕಟ್ಟುಬಿದ್ದಿದ್ದಾನೆ. ಆದ್ದರಿಂದ ಕಟ್ಟು ಇದೆಯೋ ಇಲ್ಲವೋ ಎಂದು ಕೇಳಿ ಪ್ರಯೋಜನವಿಲ್ಲ. ಹಿಡಿದದ್ದರ ಬಗ್ಗೆ ನಿಜ ಹೇಳಲು ಆಗುತ್ತದೆಯೇ ಎಂದು ಕೇಳಬೇಕು. ಇದೇ ನಾನು ಹೇಳಿದ ಒರೆಗಲ್ಲು. ಎಫ್‌ಎಸ್‌ಎಕ್ಸ್ 32-ಬಿಟ್ ತಂತ್ರಾಂಶ. 4 ಗಿಗಾಬೈಟ್‌ಗಿಂತ ಹೆಚ್ಚು ಮೆಮೊರಿಯನ್ನು ಅದು ಮುಟ್ಟಲಾರದು, ಭಾರ ಹೆಚ್ಚಾದರೆ ಹಾರಾಟದ ನಡುವೆಯೇ ಕುಸಿಯುತ್ತದೆ. ಅದರ ಭೂಪಟ ಹಳತು, ಹವೆ ಒರಟು. ಇದನ್ನೆಲ್ಲ ಒಪ್ಪಿ, ನಿಜವಾದ ವಿಮಾನ ಕಲಿಯಲು ಹೊರಟ ಹುಡುಗಿಗೆ ಇದನ್ನು ನಂಬಬೇಡಮ್ಮ, ಈಗಿನ ನಕ್ಷೆಯನ್ನೇ ನೋಡು ಎಂದು ಹೇಳಬಲ್ಲವನದು ನಿಷ್ಠೆ. ತನ್ನದರಲ್ಲಿ ಕುಂದೇ ಇಲ್ಲ, ಹೊಸದೆಲ್ಲ ಹುಸಿ ಎನ್ನುವವನದು ಮೋಹ. ಅವನು ವಸ್ತುವನ್ನೂ ಅದು ತೋರಿಸುತ್ತಿದ್ದುದನ್ನೂ ಒಂದೇ ಎಂದುಕೊಂಡಿದ್ದಾನೆ. ಕಲ್ಲನ್ನು ಕಲ್ಲೆಂದು ಬಲ್ಲವನೇ ಅದರ ಮುಂದೆ ಕೈಮುಗಿದರೆ ಅರ್ಥವಿದೆ.

ಮೊದಲಿನ ಹಾದಿಗೆ ಮರಳೋಣ. ಎಚ್‌ಎಎಲ್‌ನಿಂದ ನೇರ ಪೂರ್ವಕ್ಕೆ ಇಪ್ಪತ್ತು ನಿಮಿಷ ಹಾರಿ, ಕೆಜಿಎಫ್ ಬಂತೆಂದು ಗಡಿಯಾರ ಹೇಳಿದಾಗ, ಆ ಸೆಸ್ನಾವನ್ನು ಸುತ್ತು ಹಾಕಿಸುತ್ತ ಮೇಲಕ್ಕೆ ಏರಿಸುತ್ತ ಹೋದರೆ ಅದು ಸಮುದ್ರಮಟ್ಟದಿಂದ 14,000 ಅಡಿ, ಅಂದರೆ ಸುಮಾರು 4.3 ಕಿ.ಮೀ.ಗೆ ಸುಸ್ತಾಗುತ್ತದೆ, ಎಂಜಿನ್ನಿಗೆ ಗಾಳಿ ಸಾಲದು. ಊರು ಇರುವುದೇ ಸುಮಾರು 0.9 ಕಿ.ಮೀ. ಎತ್ತರದಲ್ಲಿ. ಅಂದರೆ ನೆಲದಿಂದ 3.4 ಕಿ.ಮೀ. ಏರುವಷ್ಟರಲ್ಲಿ ಆ ವಿಮಾನದ ಕಸುವು ಮುಗಿಯುತ್ತದೆ. ಚಾಂಪಿಯನ್ ರೀಫ್ಸ್‌ನಲ್ಲಿ ಜನ ಕೆಳಕ್ಕೆ ಇಳಿದದ್ದು 3.2 ಕಿ.ಮೀ. ಯಂತ್ರ ಏದುಸಿರು ಬಿಡುತ್ತ ಏರುವ ಎತ್ತರಕ್ಕೆ ಹೆಚ್ಚುಕಡಿಮೆ ಸಮನಾದ ಆಳಕ್ಕೆ ಈ ಊರಿನವರ ಅಜ್ಜಂದಿರು ಪಾಳಿಯ ಮೇಲೆ ಪಾಳಿ ಇಳಿದು ಹತ್ತಿದರು. ಇದನ್ನು 2003ರ ಸಿಮ್ಯುಲೇಟರ್ ತೋರಿಸುವುದಿಲ್ಲ. 2 ಪೆಟಾಬೈಟಿನದೂ ತೋರಿಸುವುದಿಲ್ಲ. ಅದು ಸೈನೈಡ್ ಗುಡ್ಡದ ಬೂದುಬಣ್ಣವನ್ನು ತಂದು ಹೊದಿಸುತ್ತದೆ, ನೆಲದ ಚರ್ಮದ ಕೆಳಗೆ ಅದಕ್ಕೂ ಏನೂ ಇಲ್ಲ. ಯಾವ ಪಡಿಯಚ್ಚನ್ನು ಆರಿಸಿಕೊಂಡರೂ ಒಂದು ಕೊರತೆಯನ್ನೇ ಆರಿಸಿಕೊಂಡ ಹಾಗೆ. ಹಳೆಯದನ್ನು ಹಿಡಿದವನು ತನಗೆ ಗುರುತಿರುವ ಕೊರತೆಯನ್ನು ಹಿಡಿದಿದ್ದಾನೆ. ಹಸಿರು ಹೆಂಚಿನಂಥ ಆ ಚೌಕಗಳ ಮೇಲೆ ಸುತ್ತುಹಾಕುತ್ತ, ಗುಡ್ಡ ಇಲ್ಲಿ ಬರಬೇಕಿತ್ತು, ಶಾಫ್ಟಿನ ಬಾಯಿ ಇಲ್ಲಿ, ಮಾರಿಕುಪ್ಪಂನ ಹಳಿ ಮುಗಿಯುವುದು ಇಲ್ಲಿ ಎಂದು ಅವನು ಹೇಳಬಲ್ಲನಾದರೆ, ಪರದೆ ಕೊಡದಿದ್ದುದನ್ನು ಅವನು ಬೇರೆಲ್ಲಿಂದಲೋ ಸಂಪಾದಿಸಿಕೊಂಡಿದ್ದಾನೆ. ಹೇಳಲಾರನಾದರೆ, ಅವನು ಹೊಸದನ್ನು ಕೊಂಡುಕೊಳ್ಳುವುದೇ ಒಳ್ಳೆಯದು.